ಅಪ್ಪ ಮಗುವಿಗೆ ನೀರೆರೆದ ದಿನ

ನಾನು ಚಿಕ್ಕವಳಿದ್ದಾಗ ಭದ್ರಾವತಿಯ ನ್ಯೂ ಟೌನಿನಲ್ಲಿ ನಮಗೆ ಬೆಳಗಾಗುತ್ತಿದ್ದುದು ಅಪ್ಪ ದುಡಿಯುತ್ತಿದ್ದ ಕಬ್ಬಿಣದ ಕಾರ್ಖಾನೆಯ ಸೈರನ್ ಕೇಳಿ. ಅಕ್ಕ ಬಾಣಂತನಕ್ಕೆ ಬಂದ ಮೇಲೆ ಸೈರನ್ನಿಗೂ ಮೊದಲೇ ಅವಳ ಮಗು ನಮ್ಮನ್ನು ಎಬ್ಬಿಸುತ್ತಿತ್ತು. ಮನೆ ತುಂಬ ಹರಳೆಣ್ಣೆ, ಬೆಳ್ಳುಳ್ಳಿ, ಸಾಂಬ್ರಾಣಿಯ ವಾಸನೆ. ಮಗುವಿನ ಅಂಗೈಯಲ್ಲಿ ಬೆರಳಿಟ್ಟರೆ ಅದು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿತ್ತು. ಬಿಡಿಸಿಕೊಂಡು ಶಾಲೆಗೆ ಹೋಗಲು ನನಗೆ ಮನಸ್ಸೇ ಬರುತ್ತಿರಲಿಲ್ಲ.

ಮಗುವಿಗೆ ನೀರೆರೆಯುವುದು ಅಮ್ಮನ ಕೆಲಸ. ಬಚ್ಚಲುಮನೆಯಲ್ಲಿ ಮಣೆ ಹಾಕಿಕೊಂಡು, ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಳ್ಳುತ್ತಿದ್ದಳು. ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ಚೊಂಬಿನಿಂದ ನಿಧಾನವಾಗಿ ನೀರು ಹೊಯ್ಯುತ್ತಿದ್ದಳು. ನಮ್ಮನ್ನೆಲ್ಲ ಹಾಗೆಯೇ ಎರೆದು ಬೆಳೆಸಿದವಳು. ಅವಳ ಕೈಗೆ ಬಂದರೆ ಮಗು ಅಳುವುದನ್ನೇ ಮರೆಯುತ್ತಿತ್ತು.

ಅಂಥ ಅಮ್ಮ ನಲ್ಲಿಯ ಹತ್ತಿರ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಶಿವಮೊಗ್ಗದ ಆಸ್ಪತ್ರೆಗೆ ಹೋಗಿ ಮೊಣಕೈವರೆಗೂ ಪ್ಲಾಸ್ಟರ್ ಹಾಕಿಸಿಕೊಂಡು ಬಂದಳು. ಅಕ್ಕನಿಗೋ ಜ್ವರ, ಎದ್ದು ಕೂತರೆ ತಲೆ ತಿರುಗುತ್ತಿತ್ತು. ಕರೆದರೆ ಬರುತ್ತಿದ್ದ ಪಕ್ಕದ ಮನೆಯ ಅಜ್ಜಿ ಗಾಜನೂರಿನ ಮಗಳ ಮನೆಗೆ ಹೋಗಿದ್ದರು. ಬೇಸಿಗೆಯ ಸೆಕೆಗೆ ಮಗುವಿನ ಕತ್ತಿನ ಮಡಿಕೆಯಲ್ಲಿ ಹಾಲು ಒಣಗಿ ಚರ್ಮ ಕೆಂಪಾಗಿತ್ತು. ಮುಟ್ಟಿದರೆ ಕಿರುಚುತ್ತಿತ್ತು. ಅಮ್ಮ ಎಡಗೈ ಒಂದರಲ್ಲೇ ಅದನ್ನು ಎತ್ತಲು ನೋಡಿದಳು, ಆಗಲಿಲ್ಲ. ಗೋಡೆಗೆ ಒರಗಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಅತ್ತಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಮಧ್ಯಾಹ್ನ ಅಪ್ಪ ಶಿಫ್ಟ್ ಮುಗಿಸಿ ಬಂದರು.

"ರೀ, ಇವತ್ತು ಮಗೂಗೆ ನೀವೇ ಎರೀಬೇಕು," ಎಂದಳು ಅಮ್ಮ.

ಅಪ್ಪ ಶರ್ಟಿನ ಗುಂಡಿ ಬಿಚ್ಚುತ್ತಿದ್ದವರು ಹಾಗೇ ನಿಂತರು. ಆಗೆಲ್ಲ ಗಂಡಸರು ಬಾಣಂತಿಯ ಕೋಣೆಯೊಳಗೆ ಬರುತ್ತಿದ್ದುದೇ ಅಪರೂಪ. "ನಂಗೇನು ಗೊತ್ತಾಗುತ್ತೆ ಮಾರಾಯ್ತಿ? ಬೆಳಿಗ್ಗೆಯಿಂದ ಕುಲುಮೆ ಮುಂದೆ ನಿಂತು ಬಂದಿರೋನು ನಾನು."

"ಪಕ್ಕದಲ್ಲೇ ಇರ್ತೀನಿ. ನಾನು ಹೇಳ್ದಂಗೆ ಮಾಡಿ ಸಾಕು."

ಅಪ್ಪ ಪಂಚೆ ಎತ್ತಿ ಕಟ್ಟಿ ಮಣೆಯ ಮೇಲೆ ಕೂತರು. ಅಮ್ಮ ಮಗುವನ್ನು ಅವರ ಕಾಲ ಮೇಲೆ ಮಲಗಿಸಲು ನನಗೆ ಹೇಳಿಕೊಟ್ಟಳು. ಹಂಡೆಯ ಬಿಸಿನೀರನ್ನು ಬಕೆಟ್ಟಿನಲ್ಲಿ ಬೆರೆಸಿದ್ದಾಗಿತ್ತು. ಅಪ್ಪ ಕೈ ಅದ್ದಿ, ಬೆಚ್ಚಗಿದೆ, ಸರಿಯಾಗಿದೆ ಎಂದು ಚೊಂಬು ತುಂಬಿಸಿಯೇಬಿಟ್ಟರು. ಅಮ್ಮ ತಡೆದು ತನ್ನ ಎಡ ಮೊಣಕೈಯನ್ನು ನೀರಿಗೆ ತಾಗಿಸಿದವಳು ಸರಕ್ಕನೆ ಹಿಂದಕ್ಕೆಳೆದುಕೊಂಡಳು. ನೀರು ಸುಡುತ್ತಿತ್ತು. ಕಾದ ಕಬ್ಬಿಣದ ಹತ್ತಿರ ದುಡಿದು ದುಡಿದು ಅಪ್ಪನ ಅಂಗೈ ತೊಗಲಿನ ಚಪ್ಪಲಿಯಂತೆ ಗಡುಸಾಗಿ, ಬಿಸಿಯೇ ತಿಳಿಯದಂತಾಗಿತ್ತು. ಅಪ್ಪ ತಮ್ಮ ಅಂಗೈಯನ್ನೇ ನೋಡುತ್ತ ಕೂತರು. ಅವರ ಮುಖ ಬಿಳಿಚಿಕೊಂಡಿತ್ತು.

ತಣ್ಣೀರು ಬೆರೆಸಿದ ಮೇಲೆ ಮೈಗೆ ನೀರು ಹಾಕಿದ್ದೇನೋ ಆಯಿತು. ತಲೆಗೆ ಹಾಕುವಾಗ ಹಣೆಗೆ ಅಂಗೈ ಅಡ್ಡ ಹಿಡಿಯಬೇಕೆಂದು ಅಮ್ಮ ಹೇಳಿದಳು. ಆದರೆ ಅಪ್ಪನ ಒಂದು ಕೈ ಮಗುವಿನ ಕತ್ತಿನ ಕೆಳಗಿತ್ತು, ಇನ್ನೊಂದರಲ್ಲಿ ಚೊಂಬು. ಯಾವುದನ್ನು ಬಿಡಬೇಕೆಂದು ತಿಳಿಯದೆ ಹಾಗೇ ಸುರಿದರು. ನೀರು ನೇರ ಮುಖದ ಮೇಲೆ ಬಿತ್ತು. ಬಾಯಿ ತೆರೆದು ಅಳುತ್ತಿದ್ದ ಮಗುವಿನ ದನಿ ತಟ್ಟನೆ ನಿಂತಿತು.

ಬಾಯಿ ತೆರೆದೇ ಇತ್ತು, ಉಸಿರಿಲ್ಲ. ಕೆಂಪಗಿದ್ದ ಮುಖ ಕಪ್ಪಿಡತೊಡಗಿತು. ಅಪ್ಪನ ಕೈಯಿಂದ ಚೊಂಬು ಬಿದ್ದು ಉರುಳಿತು. ಅವರು ಕಲ್ಲಿನಂತೆ ಕೂತಿದ್ದರು. ಅಮ್ಮ ಮಗುವನ್ನು ಎತ್ತಿಕೊಳ್ಳಲು ಎರಡೂ ಕೈ ಚಾಚಿದಳು. ಪ್ಲಾಸ್ಟರಿನ ಕೈ ಮೇಲೇಳಲೇ ಇಲ್ಲ. ನಾನು ಟವೆಲ್ ಹಿಡಿದು ನಿಂತಿದ್ದೆ. ಏನು ಮಾಡಬೇಕೆಂದು ನನಗೆ ಯಾರು ಹೇಳಬೇಕು?

"ಯಾಕಮ್ಮ ಮಗು ಸುಮ್ಮನಾಯ್ತು?" ಒಳಗಿನಿಂದ ಅಕ್ಕ ಕೇಳಿದಳು.

"ಬೋರಲು ಹಾಕ್ಕೊಳ್ಳಿ," ಎಂದಳು ಅಮ್ಮ. ಅವಳ ದನಿ ಅವಳದಾಗಿರಲಿಲ್ಲ. "ಮುಂಗೈ ಮೇಲೆ. ತಲೆ ಕೆಳಗಿರ್ಲಿ. ಬೆನ್ನು ತಟ್ಟಿ."

ಅಪ್ಪ ಮಗುವನ್ನು ತಿರುಗಿಸಿಕೊಂಡು ಬೆನ್ನು ತಟ್ಟಿದರು. ಬಾಯಿಂದ ಒಂದಿಷ್ಟು ನೀರು ಹೊರಬಂತು. ಮತ್ತೆ ತಟ್ಟಿದರು. ಮಗು ಸಣ್ಣಗೆ ಕೆಮ್ಮಿತು, ಆಮೇಲೆ ಬೀದಿಗೆಲ್ಲ ಕೇಳುವಂತೆ ಅತ್ತಿತು. ಒಳಗೆ ಅಕ್ಕನೂ ಅಳುತ್ತಿದ್ದಳು. ನಾನು ಟವೆಲ್ ಸುತ್ತಿ ಮಗುವನ್ನು ಅವಳ ಮಗ್ಗುಲಿಗೆ ಒಯ್ದೆ. ಅಪ್ಪ ಮಾತ್ರ ಒದ್ದೆ ಪಂಚೆಯಲ್ಲೇ ಎಷ್ಟೋ ಹೊತ್ತು ಮಣೆಯ ಮೇಲೆ ಕೂತಿದ್ದರು.

ಆಮೇಲೆ ಮಗುವಿಗೆ ನೀರು ಸುರಿಯುವುದನ್ನೇ ಅಮ್ಮ ನಿಲ್ಲಿಸಿದಳು. ಪಕ್ಕದ ಮನೆಯ ಅಜ್ಜಿ ಬರುವವರೆಗೂ ಅಪ್ಪ ಚಾಪೆಯ ಮೇಲೆ ಹಳೆಯ ಪಂಚೆ ಹಾಸಿ, ಅಮ್ಮ ಮೊಣಕೈಯಿಂದ ನೋಡಿ ಒಪ್ಪಿದ ನೀರಿನಲ್ಲಿ ಮೆತ್ತನೆಯ ಬಟ್ಟೆ ಅದ್ದಿ, ಕತ್ತು, ಕಂಕುಳು, ತೊಡೆಯ ಸಂದುಗಳನ್ನು ಒರೆಸುತ್ತಿದ್ದರು. ಒರೆಸಿದ ಕಡೆ ಆಗಲೇ ಒಣ ಬಟ್ಟೆ ಹೊದಿಸುತ್ತಿದ್ದರು. ಕತ್ತಿನ ಕೆಂಪು ವಾಸಿಯಾಯಿತು, ಮಗು ದುಂಡಗಾಯಿತು. ಅಪ್ಪನ ಭಯ ಮಾತ್ರ ಹೋಗಲಿಲ್ಲ. ಮುಂದೆ ನನ್ನ ಮಕ್ಕಳಿಗೆ ನೀರೆರೆಯುವಾಗಲೂ ಅವರು ಮನೆಯಲ್ಲಿ ನಿಲ್ಲುತ್ತಿರಲಿಲ್ಲ, ಬೀದಿಯ ಕೊನೆಯವರೆಗೂ ನಡೆದುಬಿಡುತ್ತಿದ್ದರು.

ಈಗ ನೋಡಿ ಮೊಮ್ಮಕ್ಕಳೇ, ನಿಮ್ಮ ಪುಟ್ಟ ತಂಗಿ ಹುಟ್ಟಿದಾಗ ಆಸ್ಪತ್ರೆಯ ನರ್ಸ್ ನಿಮ್ಮಪ್ಪನಿಗೇ ಮೊದಲು ಸ್ನಾನ ಮಾಡಿಸಲು ಕಲಿಸಿದರು. ನಲ್ಲಿ ತಿರುಗಿಸಿದರೆ ನಿಮಗೆ ಬಿಸಿನೀರು. ಮಗು ಒರಗಿ ಮಲಗಲು ಇಳಿಜಾರಿನ ಟಬ್ಬು, ನೀರು ಎಷ್ಟು ಬಿಸಿ ಎಂದು ತೋರಿಸುವ ಪ್ಲಾಸ್ಟಿಕ್ ಬಾತುಕೋಳಿ. ನಿಮ್ಮಪ್ಪ ಹಾಡು ಹೇಳಿಕೊಂಡು ಸ್ನಾನ ಮಾಡಿಸುತ್ತಾನೆ, ನೀವು ಸುತ್ತ ನಿಂತು ನೀರೆರಚಿ ನಗುತ್ತೀರಿ. ಅದನ್ನು ಕೇಳುವುದೇ ನನಗೊಂದು ಸಂತೋಷ. ಆದರೂ ಒಳಗೆ ಮಗುವಿನ ಅಳು ಒಂದು ಕ್ಷಣ ನಿಂತರೆ ಸಾಕು, ಬಾಗಿಲ ಹೊರಗೆ ಕೂತ ನನ್ನ ಉಸಿರೂ ನಿಲ್ಲುತ್ತದೆ. "ಅಜ್ಜೀ, ಏನೂ ಆಗಿಲ್ಲ," ಎಂದು ನಿಮ್ಮಲ್ಲಿ ಒಬ್ಬರು ಕೂಗಿ ಹೇಳುವವರೆಗೂ ನಾನು ಹಾಗೇ ಕೂತಿರುತ್ತೇನೆ.