ಊರವರಿಲ್ಲದೆ ಬಂದ ವಾರಂಟ್

ಯಸಳೂರಿನ ನಮ್ಮ ಕಡೆ ಮೆಣಸು ಒಣಗುವ ದಿನಗಳಲ್ಲಿ ಒಂದು ಕಟ್ಟುಪಾಡಿದೆ. ಹೊರಗಿನ ವ್ಯಾಪಾರಿ ಊರಿನವನೊಬ್ಬನನ್ನು ಜೊತೆಗೆ ಕರೆದುಕೊಂಡೇ ಕಣಕ್ಕೆ ಬರಬೇಕು. ಹಾಗೆ ಬರದವನು ಕಳ್ಳನೆಂದೇ ಲೆಕ್ಕ.

ಹೋದ ಬೇಸಿಗೆಯ ಒಂದು ಮಧ್ಯಾಹ್ನ ಪಕ್ಕದ ರಾಜ್ಯದ ನಂಬರಿನ ಜೀಪು ನೇರ ನಮ್ಮ ಕಣಕ್ಕೇ ನುಗ್ಗಿತು. ಮಾಮೂಲಿ ಬಟ್ಟೆಯ ಮೂವರು ಇಳಿದು, ಮೆಣಸು ತೂಗುತ್ತಿದ್ದ ನನ್ನ ಸೋದರಮಾವನ ಕೈ ಹಿಡಿದು ಎಳೆದರು. ಮಾವ ಮೆಣಸಿನ ವ್ಯಾಪಾರಿ. ಅವರ ಮಾಲು ಆ ರಾಜ್ಯಕ್ಕೂ ಹೋಗುತ್ತಿತ್ತು. ಒಂದು ಬಿಲ್ಲಿದ್ದರೆ ಗಡಿಯಲ್ಲಿ ಯಾರೂ ಮೂಟೆ ಬಿಚ್ಚಿಸುತ್ತಿರಲಿಲ್ಲ.

ಕೆಲಸದವರೆಲ್ಲ ಓಡಿಬಂದರು. ಮರ ಸವರುತ್ತಿದ್ದ ದೊಡ್ಡಪ್ಪನ ಕತ್ತಿ ಆ ಮೂವರಲ್ಲಿ ಮುಂದಿದ್ದವನ ಕುತ್ತಿಗೆಗೆ ತಾಗಿತು.

"ಪೊಲೀಸ್," ಎಂದ ಆತ. "ಕೋರ್ಟ್ ವಾರಂಟ್ ಇದೆ."

"ಯಾವ್ ಕೋರ್ಟೋ? ನಿನ್ ಜೊತೆ ನಮ್ಮೋರ್ ಯಾರವ್ರೆ?" ಎಂದರು ದೊಡ್ಡಪ್ಪ.

ಆತ ಕಾಗದವನ್ನು ನನ್ನತ್ತ ಚಾಚಿದ. ಕಲಬೆರಕೆ ಮೆಣಸು ಮಾರಿದ ಕೇಸು, ಮಾವನ ಹೆಸರು, ಅಲ್ಲಿನ ಮ್ಯಾಜಿಸ್ಟ್ರೇಟರ ಸಹಿ.

"ನಿಜವಾದ್ದೇ ದೊಡ್ಡಪ್ಪ. ಅಲ್ಲಿನ ವಾರಂಟು ಇಲ್ಲೂ ನಡೀತದೆ."

"ನಾಕಕ್ಷರ ಓದ್ಕಂಡು ಅವ್ರ ಕಡೆ ಸೇರ್ಬುಟ್ಯ?"

"ಕಳ್ರೂ ಈಗ ಸೀಲ್ ಹಾಕಿಸ್ಕಂಡೇ ಬತ್ತಾರೆ ಕಣಣ್ಣ," ಎಂದರು ಹಿಂದಿನಿಂದ ಯಾರೋ. ಕೆಲವರು ನಕ್ಕರು. ಆ ನಗುವಿಗೇ ನನಗೆ ಹೆಚ್ಚು ಭಯವಾಯಿತು.

ಎರಡನೆಯವನ ಕೈ ಮೆಲ್ಲಗೆ ಅಂಗಿಯ ಕೆಳಗೆ ಸರಿಯಿತು. ಪಿಸ್ತೂಲು ಎಂದುಕೊಂಡೆ. ಈಗಲೂ ಕಣ್ಣು ಮುಚ್ಚಿದರೆ ಆ ಕೈಯೇ ಕಾಣುತ್ತದೆ. ಒಮ್ಮೊಮ್ಮೆ ಅದು ಹೊರಗೂ ಬರುತ್ತದೆ.

ನಾನು ನಡುವೆ ಹೋಗಿ ನಿಂತೆ. "ನಮ್ಮ ಸ್ಟೇಷನ್ನಿಗೆ ಹೇಳಿ ಬಂದಿದೀರಾ?"

"ಇಲ್ಲ. ಹೇಳಿದರೆ ಇವರು ಓಡುತ್ತಾರೆ ಅಂತ."

"ಹಾಗಾದ್ರೆ ಮೊದ್ಲು ಸಕಲೇಶಪುರದ ಸ್ಟೇಷನ್ನಿಗೆ. ದೊಡ್ಡಪ್ಪ, ನೀವೂ ಬನ್ನಿ. ಊರವರೊಬ್ರು ಜೊತೆಗಿದ್ದಂಗೆ ಆಗ್ತದೆ."

ಯಾರೂ ಅಲುಗಲಿಲ್ಲ. ಕೊನೆಗೆ ಮುಂದಿದ್ದವನೇ ಜೀಪಿನ ಕೀಲಿಯನ್ನು ದೊಡ್ಡಪ್ಪನ ಮುಂದೆ ಹಿಡಿದ. ದೊಡ್ಡಪ್ಪ ಕತ್ತಿಯನ್ನು ಎಡಗೈಗೆ ದಾಟಿಸಿ ಕೀಲಿ ತೆಗೆದುಕೊಂಡರು.

ಸ್ಟೇಷನ್ನಿನಲ್ಲಿ ಇನ್ಸ್‌ಪೆಕ್ಟರು ವಾರಂಟ್ ಓದಿ, ಸರಿಯಾಗಿದೆ, ಆದರೆ ಇಲ್ಲಿನ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿಯೇ ಕರೆದೊಯ್ಯಬೇಕು ಎಂದರು. ಮಾವ ತಲೆ ಎತ್ತಲಿಲ್ಲ. ಆಮೇಲೆ ಇನ್ಸ್‌ಪೆಕ್ಟರು ಆತನ ಕುತ್ತಿಗೆಯ ರಕ್ತದ ಗೆರೆ ನೋಡಿದರು.

"ಇದು ಹೆಂಗಾಯ್ತು?"

ಆತ ದೊಡ್ಡಪ್ಪನನ್ನು ನೋಡಿ ಹೇಳಿದ: "ತೋಟದಲ್ಲಿ ಕೊಂಬೆ ತರಚಿತು ಸರ್."

ದೊಡ್ಡಪ್ಪ ಬೆಂಚಿನಲ್ಲಿ ಸ್ವಲ್ಪ ಸರಿದು ಆತನಿಗೆ ಜಾಗ ಮಾಡಿದರು.