ಭಾನುವಾರ ಕೆಡದ ಗಾಡಿ

ಆ ಗಾಡಿ ಯಾಕೆ ನಿಂತುಬಿಡುತ್ತಿತ್ತು ಎಂಬುದು ನನಗೆ ಗೊತ್ತಿತ್ತು, ಸುಮಂಗಲಾ. ನಿನಗಿಂತ ಮೊದಲು, ನಮ್ಮವರಿಗಿಂತ ಮೊದಲು, ಸರ್ವೀಸ್ ಸೆಂಟರಿನವರಿಗಿಂತಲೂ ಮೊದಲು ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಬರೀ ಸುಮ್ಮನಿದ್ದೆ ಅಂದರೆ ಅದೂ ಪೂರ್ತಿ ನಿಜವಲ್ಲ — ಅದು ಕೆಡುವ ಹಾಗೆ ನನ್ನ ಕೈಯಾರೆ ಮಾಡಿದೆ. ಆಮೇಲೆ ತಪ್ಪನ್ನು ನಿನ್ನ ತಲೆಗೆ ಕಟ್ಟಿದೆ.

ನೀವು ಮೂವರೂ — ನೀನು, ನಿನ್ನ ಗಂಡ ಮಂಜುನಾಥ, ನಿನ್ನ ಅತ್ತೆ — ಮಾರೇನಹಳ್ಳಿಯ ನಮ್ಮ ಮನೆಯ ಮಹಡಿಗೆ ಬಾಡಿಗೆಗೆ ಬಂದಾಗ ವಿಜಯನಗರದಲ್ಲಿ ಮೆಟ್ರೊ ಕಂಬಗಳಿಗೆ ರಸ್ತೆ ಅಗೆಯುತ್ತಿದ್ದರು. ಧಾರವಾಡದ ಕಡೆಯವರು ಎಂದಷ್ಟೇ ಗೊತ್ತಿತ್ತು. ನೀನು ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಓದಿದವಳು, ಇಡೀ ಕ್ಲಾಸಿಗೆ ಒಬ್ಬಳೇ ಹುಡುಗಿಯಾಗಿದ್ದವಳು ಎಂದು ತಿಳಿದದ್ದು ನಮ್ಮ ಗಾಡಿ ಕೈಕೊಟ್ಟ ಮೇಲೆ.

ಆ ಗಾಡಿಯ ಮೇಲೆ ನಮ್ಮವರಿಗೆ ಎಷ್ಟು ಮೋಹವಿತ್ತು ಎಂಬುದು ನಿನಗೂ ಗೊತ್ತು. ಮೂಡಲಪಾಳ್ಯದ ಹಾರ್ಡ್‌ವೇರ್ ಅಂಗಡಿಯ ಸಿಮೆಂಟ್ ಧೂಳಿನಲ್ಲಿ ವರ್ಷಗಟ್ಟಲೆ ಹಳೇ ವ್ಯಾನ್ ಓಡಿಸಿದವರು. ಜೀಪಿನ ಹಾಗೆ ಎತ್ತರದ ಹೊಸ ಗಾಡಿ ತಂದಾಗ ಬೀದಿಯವರನ್ನೆಲ್ಲ ಕರೆದು ಅದರ ಚಮತ್ಕಾರ ತೋರಿಸಿದರು — ಸಿಗ್ನಲ್‌ನಲ್ಲಿ ನಿಂತು ಗೇರನ್ನು ನ್ಯೂಟ್ರಲ್‌ಗೆ ತಂದು ಕ್ಲಚ್ಚಿನಿಂದ ಕಾಲು ತೆಗೆದರೆ ಎಂಜಿನ್ ತಾನಾಗಿ ಆರುತ್ತದೆ, ಕ್ಲಚ್ ಒತ್ತಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಡೀಸೆಲ್ ಉಳಿತಾಯ.

ತಿಂಗಳೊಪ್ಪತ್ತು ಚೆನ್ನಾಗಿತ್ತು. ಆಮೇಲೆ ಆರುವುದೊಂದನ್ನೇ ಕಲಿತ ಹಾಗಾಯಿತು. ಕ್ಲಚ್ ಒತ್ತಿದರೆ ಹೊತ್ತಿಕೊಳ್ಳುತ್ತಿರಲಿಲ್ಲ, ಕೀ ತಿರುಗಿಸಿದರೂ ಇಲ್ಲ. ಹಿಂದಿನಿಂದ ಹಾರ್ನ್, ಬೈಗುಳ. ಇವರು ಕಾಲು ಅತ್ತಿತ್ತ ಒದ್ದಾಡಿಸಿ ಏನೋ ಮಾಡುವಷ್ಟರಲ್ಲಿ ಒಮ್ಮೆ ಹೊತ್ತಿಕೊಳ್ಳುತ್ತಿತ್ತು. ಈ ವ್ಯವಸ್ಥೆಯನ್ನೇ ಆಫ್ ಮಾಡಲು ಒಂದು ಬಟನ್ ಇತ್ತು, ಆದರೆ ಇವರಿಗೆ ಹಟ — ಅದಕ್ಕೋಸ್ಕರವೇ ಈ ಗಾಡಿ ಕೊಂಡವರು ಅದನ್ನೇ ಆಫ್ ಮಾಡಿ ಓಡಿಸುವುದೆ? ಸರ್ವೀಸ್ ಸೆಂಟರಿಗೆ ಬಿಟ್ಟರೆ ತೊಳೆದು, ಒರೆಸಿ, ಓಡಿಸಿ ನೋಡಿ, "ಏನೂ ತೊಂದರೆ ಇಲ್ಲ ಸಾರ್" ಎಂದು ವಾಪಸ್ ಕೊಟ್ಟರು.

ಆ ಭಾನುವಾರ ಬಾನೆಟ್ ಎತ್ತಿಕೊಂಡು ಸುಮ್ಮನೆ ನೋಡುತ್ತ ನಿಂತಿದ್ದರು ಇವರು. ನೀನು ಒಣಗಿದ ಬಟ್ಟೆ ಎತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದೆ.

"ಏನಾಗೇದ್ರಿ ಅಣ್ಣಾರ? ನಾ ಒಮ್ಮೆ ನೋಡ್ಲೇನ್ರಿ?"

ಅಲ್ಲಿಂದ ಶುರುವಾಯಿತು.

ನಾನು ಆಗ ಏನೆಂದುಕೊಂಡೆ ಎಂಬುದನ್ನು ಸರಿಯಾಗಿ ಹೇಳಬೇಕು. ನಿಮ್ಮಿಬ್ಬರ ನಡುವೆ ಕೆಟ್ಟದ್ದೇನೋ ಇದೆ ಎಂದು ಒಂದು ಕ್ಷಣವೂ ಅನುಮಾನ ಪಟ್ಟವಳಲ್ಲ ನಾನು. ಮಂಜುನಾಥನೂ ಎಷ್ಟೋ ಸಲ ಅಲ್ಲೇ ಗೇಟಿಗೆ ಒರಗಿ ಪೇಪರ್ ಓದುತ್ತಿದ್ದ. ನನ್ನನ್ನು ಸುಟ್ಟದ್ದು ಬೇರೆಯೇ. ಇವರು ನಿನ್ನನ್ನು ಕೇಳುತ್ತಿದ್ದರು. "ಹೌದೇನಮ್ಮಾ? ಹಂಗಾದ್ರೆ ಮುಂದೆ ಏನ್ ನೋಡೋದು?" — ಆ ದನಿ! ಮದುವೆಯಾಗಿ ಅಷ್ಟು ವರ್ಷ ಕಳೆದಿತ್ತು, ಮಗಳನ್ನು ಯಾವ ಕಾಲೇಜಿಗೆ ಸೇರಿಸುವುದು ಎಂಬುದನ್ನೂ ನನ್ನ ಬಳಿ ಆ ದನಿಯಲ್ಲಿ ಕೇಳಿದವರಲ್ಲ. ಕಾರು ಕಲಿಸಿ ಎಂದು ಒಮ್ಮೆ ಕೇಳಿದ್ದೆ, "ನಿನಗ್ಯಾಕೇ ಅದೆಲ್ಲ" ಎಂದು ನಕ್ಕಿದ್ದರು. ಈಗ ನೀನು ಮೊಣಕೈವರೆಗೆ ಮಸಿ ಮಾಡಿಕೊಂಡು ಗಾಡಿಯೊಳಗೆ ಬಗ್ಗಿರುತ್ತಿದ್ದೆ, ಅವರು ನಿನಗೆ ಸ್ಪ್ಯಾನರ್ ಎತ್ತಿಕೊಡುತ್ತಿದ್ದರು. ನಡುವೆ ಒಮ್ಮೆ ತಲೆ ಎತ್ತಿ, "ಲೇ, ಸುಮಂಗಲಾಗೆ ಕಾಫಿ ತಾರೇ" ಎನ್ನುತ್ತಿದ್ದರು. ತರುತ್ತಿದ್ದೆ. ಸಕ್ಕರೆ ಬೇಕಂತಲೇ ಜಾಸ್ತಿ ಹಾಕಿ ತರುತ್ತಿದ್ದೆ — ನಿನಗೆ ಸೇರದು ಎಂದು ಗೊತ್ತಿದ್ದರಿಂದ. ನೀನು ಪೂರ್ತಿ ಕುಡಿದು, "ಚಲೋ ಆಗೇದ್ರಿ ಅಕ್ಕಾರ" ಎನ್ನುತ್ತಿದ್ದೆ. ಅದಕ್ಕೂ ಹೊಟ್ಟೆ ಉರಿಯುತ್ತಿತ್ತು.

ವಿಚಿತ್ರವೆಂದರೆ ನೀವು ನೋಡಲು ಕೂತ ಭಾನುವಾರಗಳಲ್ಲಿ ಗಾಡಿ ಒಂದು ಸಲವೂ ಕೆಡುತ್ತಿರಲಿಲ್ಲ. ಬೀದಿ ತುದಿಯವರೆಗೆ ಹೋಗಿ, ನಿಲ್ಲಿಸಿ, ಹೊರಟು, ಮತ್ತೆ ನಿಲ್ಲಿಸಿ — ಎಲ್ಲ ಸರಿ. ಸೋಮವಾರವೋ ಮಂಗಳವಾರವೋ ಅತ್ತಿಗುಪ್ಪೆಯ ಹತ್ತಿರ ಮತ್ತದೇ ಕಥೆ.

ಕಾರಣ ನನ್ನ ಕಣ್ಣಿಗೆ ಬಿದ್ದದ್ದು ಅಕಸ್ಮಾತ್ತಾಗಿ. ಬಸವೇಶ್ವರನಗರದಲ್ಲಿ ಒಂದು ನಾಮಕರಣಕ್ಕೆ ಹೊರಟಿದ್ದೆವು. ಸಿಗ್ನಲ್‌ನಲ್ಲಿ ಗಾಡಿ ಆರಿತು, ಹೊತ್ತಿಕೊಳ್ಳಲಿಲ್ಲ. ನನ್ನ ತೊಡೆಯ ಮೇಲಿದ್ದ ಎಲೆಯಡಿಕೆಯ ಕವರ್ ಜಾರಿ ಇವರ ಸೀಟಿನ ಕಡೆ ಉರುಳಿತ್ತು, ಎತ್ತಿಕೊಳ್ಳಲು ಬಗ್ಗಿದೆ. ನಾನೇ ಮಾರ್ಕೆಟ್ಟಿನಲ್ಲಿ ಆರಿಸಿ ತಂದು, ಕಂಪನಿಯ ತೆಳು ಮ್ಯಾಟಿನ ಮೇಲೆ ಹಾಸಿದ್ದ ದಪ್ಪ ರಬ್ಬರ್ ಮ್ಯಾಟ್ — ಅದರ ಅಂಚು ಮುಂದಕ್ಕೆ ಸರಿದು ಕ್ಲಚ್ ಪೆಡಲ್‌ನ ಅಡಿಗೆ ಮಡಚಿಕೊಂಡಿತ್ತು. ಇವರು ಒತ್ತುತ್ತಲೇ ಇದ್ದರು. ಪೆಡಲ್ ತಳ ಮುಟ್ಟದೆ ಮ್ಯಾಟಿಗೆ ತಾಗಿ ನಿಲ್ಲುತ್ತಿತ್ತು.

ಮಾರನೆಯ ದಿನ ಇವರು ಊಟಕ್ಕೆ ಬಂದು ಮಲಗಿದ್ದಾಗ ಕೀ ತೆಗೆದುಕೊಂಡು ಹೋಗಿ ಡ್ರೈವರ್ ಸೀಟಿನಲ್ಲಿ ಕೂತೆ. ಜೀವನದಲ್ಲಿ ಮೊದಲ ಸಲ. ಮ್ಯಾಟನ್ನು ಮುಂದಕ್ಕೆ ಸರಿಸಿ ಕ್ಲಚ್ ಒತ್ತಿ ಕೀ ತಿರುಗಿಸಿದೆ — ಇಲ್ಲ. ಮ್ಯಾಟನ್ನು ಹಿಂದಕ್ಕೆ ಎಳೆದು, ತಳದವರೆಗೆ ಒತ್ತಿ ತಿರುಗಿಸಿದೆ — ಎಂಜಿನ್ ಗುಡುಗಿತು. ನನ್ನ ಎದೆಯೂ. ಕ್ಲಚ್ ಪೂರ್ತಿ ಒತ್ತಿದ್ದಾರೆ ಎಂದು ತಿಳಿಯುವವರೆಗೆ ಆ ಗಾಡಿ ಅಲುಗುವುದಿಲ್ಲ, ಅಷ್ಟೇ ಅದರ ರೋಗ. ಭಾನುವಾರದ ಒಗಟೂ ಅಲ್ಲೇ ಬಿಡಿಸಿಕೊಂಡಿತು. ಭಾನುವಾರ ಬೆಳಿಗ್ಗೆ ನಾನು ಮ್ಯಾಟುಗಳನ್ನು ತೆಗೆದು ತೊಳೆದು ಕಾಂಪೌಂಡ್ ಗೋಡೆಯ ಮೇಲೆ ಒಣಹಾಕುತ್ತಿದ್ದೆ. ಸಂಜೆ ಮತ್ತೆ ಹಾಸುತ್ತಿದ್ದೆ. ಸರ್ವೀಸ್ ಸೆಂಟರಿನಲ್ಲೂ ತೊಳೆಯುವ ಮೊದಲು ತೆಗೆದಿರುತ್ತಾರೆ. ದಿನವೂ ಓಡಿಸಿ ಓಡಿಸಿ ಇವರ ಹಿಮ್ಮಡಿಗೆ ಅದು ಮುಂದೆ ಸರಿಯುತ್ತಿತ್ತು.

ಪಿಯುಸಿಗೇ ಓದು ಬಿಟ್ಟ ನಾನು ಕಂಡುಹಿಡಿದಿದ್ದೆ! ಒಳಗೆ ಓಡಿ ಇವರನ್ನು ಎಬ್ಬಿಸಬೇಕಿತ್ತು. ಬಾಗಿಲವರೆಗೆ ಹೋದೆ ಕೂಡ. ಆದರೆ ಮುಂದಿನದ್ದು ಕಣ್ಣಿಗೆ ಕಟ್ಟಿತು — ಇವರು ಎದ್ದು ಕೇಳಿ, "ಹೌದಾ!" ಎಂದು ಮೆಟ್ಟಿಲು ಹತ್ತಿ ನಿನಗೆ ಹೇಳಲು ಓಡುತ್ತಾರೆ. ನೀವಿಬ್ಬರೂ ನಗುತ್ತೀರಿ. ನಾನು ಮತ್ತೆ ಕಾಫಿ ಇಡುತ್ತೇನೆ. ಬೇಡ. ಇವಳು ಸೋಲಲಿ. ಇವಳಿಗೆ ಏನೂ ಬರುವುದಿಲ್ಲ ಎಂದು ಇವರಿಗೇ ಗೊತ್ತಾಗಲಿ. ಹಾಗೆಂದುಕೊಂಡು ಕೀಯನ್ನು ಮೊಳೆಗೆ ತೂಗುಹಾಕಿದೆ.

ಅಂದಿನಿಂದ ಪ್ರತಿ ಭಾನುವಾರ ಸಂಜೆ ಮ್ಯಾಟ್ ಹಾಸುವಾಗ ಅದನ್ನು ಒಂದು ಬೆರಳಿನಷ್ಟು ಮುಂದಕ್ಕೆ ತಳ್ಳಿಡುತ್ತಿದ್ದೆ.

ನೀನು ಹತ್ತಿರ ಬಂದಿದ್ದೆ, ಸುಮಂಗಲಾ. ಅದು ನಿನಗೆ ಗೊತ್ತೇ ಆಗಲಿಲ್ಲ. ಒಂದು ಭಾನುವಾರ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಿಗೆ ಬಂದು ನನ್ನನ್ನೇ ಕೇಳಿದೆ — "ಅಕ್ಕಾರ, ಐತವಾರ ಒಂದಿನ ಯಾಕ ಕೆಡೂದಿಲ್ಲ ಇದು? ಅವತ್ತ ನೀವೇನರ ಗಾಡಿಗೆ ಬ್ಯಾರೆ ಮಾಡ್ತೀರೇನ್ರಿ?"

ಸರಿಯಾದ ಪ್ರಶ್ನೆ. ಅದನ್ನು ಕೇಳಿದವಳು ನೀನೊಬ್ಬಳೇ. ನಾನು ಕೊತ್ತಂಬರಿ ಬಿಡಿಸುತ್ತಿದ್ದೆ. ತಲೆ ಎತ್ತದೆ, "ನಾನೇನ್ ಮಾಡ್ತೀನಿ? ಏನೂ ಇಲ್ವಲ್ಲ" ಎಂದೆ.

ನೀನು ನಂಬಿದೆ. ನಂಬದೆ ಇನ್ನೇನು? ಬೇರೆ ದಾರಿ ಕಾಣದೆ ಬ್ಯಾಟರಿಯ ಅರ್ತ್ ವೈರಿನ ಕಡೆ ಹೋದೆ. ಅದರ ತುದಿಯಲ್ಲಿ ನಿಜವಾಗಿಯೂ ಕಿಲುಬಿತ್ತು. ಬಿಚ್ಚಿ, ಉಜ್ಜಿ, ಬಿಗಿ ಮಾಡಿದೆ. ಗಾಡಿ ಇಡೀ ಬೆಳಿಗ್ಗೆ ಸರಿಯಾಗಿ ಓಡಿತು. ಇವರಿಗೆ ಸಂತೋಷ ತಡೆಯಲಾಗಲಿಲ್ಲ. ಅಲ್ಲೇ ನಿಂತು ಕೆಂಗೇರಿಯಲ್ಲಿ ವರ್ಕ್‌ಶಾಪ್ ಇಟ್ಟುಕೊಂಡಿದ್ದ ಸ್ನೇಹಿತರಿಗೆ ಫೋನ್ ಮಾಡಿದರು — "ನಮ್ಮನೇಲೊಂದು ಹುಡುಗಿ ಇದಾಳೆ ಕಣಯ್ಯಾ, ನಿನ್ನ ಹುಡುಗರಿಗಿಂತ ಚೆನ್ನಾಗಿ ಗಾಡಿ ನೋಡ್ತಾಳೆ." ಅವರು ಕೆಲಸಕ್ಕೆ ಗುರುವಾರ ಕಳಿಸು ಎಂದರು. ನೀನು ಮಂಜುನಾಥನ ಮುಖ ನೋಡಿದೆ, ಅವನು ಹೂಂ ಎಂದ. ನಿನ್ನ ಅತ್ತೆ ಮಾತ್ರ ಮಹಡಿಯ ಮೇಲೆ ಮುಖ ತಿರುಗಿಸಿಕೊಂಡು ಒಳಗೆ ಹೋದರು. ನಿನ್ನ ಮುಖದಲ್ಲಿ ಆ ಹೊತ್ತು ಇದ್ದ ಕಳೆ — ಅದನ್ನು ನೋಡಿಯೂ ನಾನು ಸಂಜೆ ಮ್ಯಾಟ್ ಹಾಸಿದೆ. ಎಂದಿಗಿಂತ ಹೆಚ್ಚು ಮುಂದಕ್ಕೆ ತಳ್ಳಿದೆ.

ಮಾರನೆಯ ದಿನ ಮಧ್ಯಾಹ್ನ, ಕೆಳಗೆ ನಮ್ಮ ಜೊತೆಯೇ ಇದ್ದ ನಮ್ಮತ್ತೆಗೆ ಉಸಿರು ಕಟ್ಟಿತು. ಅಂಗಡಿಯಿಂದ ಆಗತಾನೇ ಬಂದಿದ್ದ ಇವರು ಅವರನ್ನು ಎತ್ತಿಕೊಂಡು ಹಿಂದಿನ ಸೀಟಿನಲ್ಲಿ ಮಲಗಿಸಿದರು. ತಲೆ ನನ್ನ ತೊಡೆಯ ಮೇಲೆ. ಮಾಗಡಿ ರಸ್ತೆಯ ಸಿಗ್ನಲ್ ಕೆಂಪಾಯಿತು. ಅಭ್ಯಾಸಬಲದಿಂದ ಇವರು ಗೇರ್ ತೆಗೆದು ಕಾಲು ಸಡಿಲಿಸಿದರು. ಎಂಜಿನ್ ಆರಿತು.

ಹಸಿರಾಯಿತು. ಹೊತ್ತಿಕೊಳ್ಳಲಿಲ್ಲ. ಸುತ್ತ ಹಾರ್ನ್. ಬಟನ್ ಒತ್ತಿದರು, ಕೀ ತಿರುಗಿಸಿದರು, ಕಾಲು ಒದ್ದಾಡಿಸಿದರು. ಅತ್ತೆಯ ಬಾಯಿ ತೆರೆದಿತ್ತು, ಗಾಳಿ ಹೋಗುತ್ತಿರಲಿಲ್ಲ. ಇವರು ಗದರಿದ್ದರೆ, 'ನೀನು ಬಾಯ್ಮುಚ್ಚು' ಎಂದಿದ್ದರೆ, ಇವತ್ತು ಅದನ್ನೇ ನೆಪ ಮಾಡಿಕೊಳ್ಳಬಹುದಿತ್ತು. ಗದರಲಿಲ್ಲ. ಹಿಂದಕ್ಕೆ ತಿರುಗಿದರು. ಕಣ್ಣು ತುಂಬಿತ್ತು. ನಾನು ಅಷ್ಟು ವರ್ಷ ಕಾದಿದ್ದ ದನಿಯಲ್ಲಿ ನನ್ನನ್ನೇ ಕೇಳಿದರು — "ಈಗ ಏನ್ ಮಾಡೋದೇ?"

'ಕಾಲ ಕೆಳಗಿನ ಮ್ಯಾಟ್ ಎಳೀರಿ.' ಅಷ್ಟು ಹೇಳಿದ್ದರೆ ಸಾಕಿತ್ತು. ನಾಲಿಗೆಯ ತುದಿಯಲ್ಲಿತ್ತು. ಆದರೆ ಹೇಳಿದರೆ — ನಿನಗೆ ಹೇಗೆ ಗೊತ್ತು ಎನ್ನುತ್ತಾರೆ. ಯಾವಾಗಿನಿಂದ ಗೊತ್ತು ಎನ್ನುತ್ತಾರೆ.

"ಆಟೊ ಹಿಡೀರಿ" ಎಂದೆ.

ಒಬ್ಬ ಆಟೊದವನು ಪ್ರಯಾಣಿಕರನ್ನು ಅಲ್ಲೇ ಇಳಿಸಿ ನಮ್ಮನ್ನು ಹತ್ತಿಸಿಕೊಂಡ. ಅತ್ತೆ ಬದುಕಿದರು. ಇನ್ನೂ ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಸಂಜೆ ಮನೆಗೆ ಬಂದಾಗ ನೀನು ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿಬಂದೆ, ನಿನ್ನ ಹಿಂದೆ ನಿನ್ನ ಅತ್ತೆ, ಮಂಜುನಾಥ. "ಅಮ್ಮಾರು ಹ್ಯಾಂಗದಾರ್ರಿ?" ಎಂದೆ. ನಾನು ಗೇಟಿನಲ್ಲೇ ನಿಂತು, ಅಕ್ಕಪಕ್ಕದವರಿಗೂ ಕೇಳುವ ಹಾಗೆ, ಆ ಮಾತು ಆಡಿದೆ.

"ಬರದೇ ಇರೋ ಕೆಲಸಕ್ಕೆ ಯಾಕಮ್ಮಾ ಕೈ ಹಾಕ್ದೆ? ನೀನು ವೈರ್ ಕಿತ್ತಿದ್ದಕ್ಕೆ ನಮ್ಮತ್ತೆ ಜೀವ ಹೋಗ್ತಿತ್ತು."

ಇವರು ಒಳಗೆ ಹೋದರು. ನಿನ್ನ ಅತ್ತೆ, "ಗಂಡಸರ ಕೆಲಸಕ್ಕ ಹೋಗಬ್ಯಾಡ ಅಂತ ಎಷ್ಟ್ ಬಡ್ಕೊಂಡೆ" ಎಂದು ಶುರುಮಾಡಿದರು. ನೀನು ಎದುರಾಡಬಹುದಿತ್ತು. ಗಾಡಿ ತೋರಿಸಿ, ನಾನೇ ನೋಡುತ್ತೇನೆ ಎನ್ನಬಹುದಿತ್ತು. ನೀನು ಬಹಳ ಸಣ್ಣ ದನಿಯಲ್ಲಿ, "ನಂದ ಏನೋ ತಪ್ಪಾಗಿರಬೇಕ್ರಿ ಅಕ್ಕಾರ" ಎಂದೆ.

ಗಾಡಿಯನ್ನು ಎಳೆದು ತಂದು ಬಿಟ್ಟ ಮೇಲೆ ಆ ಮ್ಯಾಟನ್ನು ಸುತ್ತಿ ಕಸದ ಗಾಡಿಗೆ ಹಾಕಿದೆ. ಸರ್ವೀಸ್ ಸೆಂಟರಿನವರು ನೀನು ಬಿಗಿ ಮಾಡಿದ್ದ ವೈರನ್ನು ಬದಲಾಯಿಸಿದರು. ಮತ್ತೆಂದೂ ಗಾಡಿ ಕೆಡಲಿಲ್ಲ. ಹಾಗಾಗಿ ತಪ್ಪು ನಿನ್ನದೇ ಎಂಬುದು ಎಲ್ಲರ ಮನಸ್ಸಿನಲ್ಲಿ ಗಟ್ಟಿಯಾಯಿತು — ನಿನ್ನ ಮನಸ್ಸಿನಲ್ಲೂ. ಗುರುವಾರ ನೀನು ಕೆಂಗೇರಿಗೆ ಹೋಗಲಿಲ್ಲ. ಆ ವರ್ಷ ಮುಗಿಯುವ ಮೊದಲೇ ಮನೆ ಬಿಟ್ಟಿರಿ. ಹೊರಡುವಾಗ ನೀನು ನನ್ನ ಕಾಲಿಗೆ ನಮಸ್ಕಾರ ಮಾಡಿದೆ. ನಾನು ಕುಂಕುಮ ಕೊಟ್ಟೆ.

ಹೊಟ್ಟೆಕಿಚ್ಚು ಅಲ್ಲಿಗೆ ಆರಬೇಕಿತ್ತು. ಆರಲಿಲ್ಲ. ಇವರು ಮತ್ತೆ ಯಾರನ್ನೂ ಆ ದನಿಯಲ್ಲಿ ಕೇಳಲಿಲ್ಲ, ನನ್ನನ್ನೂ. ಭಾನುವಾರ ಬಂದರೆ ಟಿವಿ ಹಾಕಿಕೊಂಡು ಮಲಗುತ್ತಿದ್ದರು.

ವರ್ಷಗಳಾದ ಮೇಲೆ ಹೋದ ತಿಂಗಳು ಚಂದ್ರಾ ಲೇಔಟಿನಲ್ಲಿ ನೀನು ಸಿಕ್ಕಿದೆಯಲ್ಲ, ಬಿಸಿಲಲ್ಲಿ ಸ್ಕೂಟರ್ ತಳ್ಳಿಕೊಂಡು ಬರುತ್ತಿದ್ದೆ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಗುರುತು ಹಿಡಿದು ನೀನೇ ನಿಂತೆ. ನಮ್ಮತ್ತೆ ತೀರಿಕೊಂಡದ್ದನ್ನು ಕೇಳಿ ಮರುಗಿದೆ. ಏನಾಗಿದೆ ಗಾಡಿಗೆ ಎಂದು ನಾನು ಕೇಳಿದೆ.

"ಗೊತ್ತಿಲ್ರಿ. ಮೆಕ್ಯಾನಿಕ್ ಕಡೆ ಒಯ್ಯಾಕತ್ತೇನಿ."

"ನೀನೇ ನೋಡ್ಬೋದಲ್ಲ?"

ನೀನು ನಕ್ಕೆ. ಕೊಂಕಿಲ್ಲದ ನಗು. "ಏ, ನನಗ ಇವೆಲ್ಲಾ ತಿಳಿಯಂಗಿಲ್ಲ ಬಿಡ್ರಿ ಅಕ್ಕಾರ. ಅವಾಗ ಸಣ್ಣಾಕಿದ್ದೆ, ಏನೋ ತಿಳೀತೈತಿ ಅನ್ಕೊಂಡಿದ್ದೆ."

ನೀನು ಹೋದ ಮೇಲೂ ಅಲ್ಲೇ ನಿಂತಿದ್ದೆ. ನಾನು ಕಸಿದದ್ದು ಒಂದು ಕೆಲಸ ಮಾತ್ರ ಎಂದುಕೊಂಡಿದ್ದೆ ಇಷ್ಟು ದಿನ.

ನಿನ್ನೆ ಇವರಿಗೆ ಎಲ್ಲ ಹೇಳಿದೆ. ತಾಯಿಯ ಪ್ರಾಣದ ವಿಷಯ — ಅವರು ಏನು ಬೇಕಾದರೂ ಅನ್ನಬಹುದಿತ್ತು. "ಆ ಹುಡುಗಿಗೆ ಹೇಳಿದ್ಯಾ?" ಎಂದಷ್ಟೇ ಕೇಳಿದರು. ಇಲ್ಲ ಎಂದೆ. ಎದ್ದು ಹೊರಗೆ ಹೋದರು. ಇನ್ನೂ ನನ್ನ ಜೊತೆ ಮಾತಾಡಿಲ್ಲ.

ಅಂದು ರಸ್ತೆಯಲ್ಲಿ ನಿನ್ನ ಮನೆ ಯಾವ ಬೀದಿಯಲ್ಲಿದೆ ಎಂದು ಕೇಳಿಕೊಂಡಿದ್ದೆ. ನಾಳೆ ಬರುತ್ತೇನೆ. ನೀನೊಬ್ಬಳೇ ಇರುವ ಹೊತ್ತು ನೋಡಿಕೊಂಡು ಬರುವುದಿಲ್ಲ. ನಿನ್ನ ಅತ್ತೆ ಇರಬೇಕು, ಮಂಜುನಾಥ ಇರಬೇಕು, ಮಕ್ಕಳಿದ್ದರೆ ಅವರೂ ಇರಲಿ. ಆ ಮಾತನ್ನು ಎಲ್ಲರ ಎದುರು ಆಡಿದವಳು ನಾನು, ಇದನ್ನೂ ಎಲ್ಲರ ಎದುರೇ ಆಡಬೇಕು. ಕ್ಷಮಿಸು ಎಂದು ಕೇಳುವ ಬಾಯಿ ನನಗಿಲ್ಲ. ನಿನಗೆ ತಿಳಿಯುತ್ತಿತ್ತು, ಸುಮಂಗಲಾ. ನೀನು ಸರಿಯಾಗಿಯೇ ಕೇಳಿದ್ದೆ. ನಾನು ಸುಳ್ಳು ಹೇಳಿದೆ.