ಕೆಂಪು ಬಟ್ಟೆ ಕಟ್ಟಿದ ಲ್ಯಾಪ್‌ಟಾಪ್

ಭದ್ರಾವತಿಯಿಂದ ಅಕ್ಕನ ಮಗಳು ಫೋನ್ ಮಾಡಿದಾಗ ನಾನು ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯಲ್ಲಿ ಭಾನುವಾರದ ಇಡ್ಲಿ ತಿನ್ನುತ್ತಿದ್ದೆ. ಅವಳು ಅಳುತ್ತಿರಲಿಲ್ಲ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಅಳುತ್ತಿದ್ದಳು.

“ಮಾಮ, ಲ್ಯಾಪ್‌ಟಾಪಲ್ಲಿ ಗ್ರಾಫಿಕ್ಸ್ ಡ್ರೈವರ್ ಕೈ ಕೊಟ್ಟಿದೆ. ಮನೆ ತಿರುಗ್ತಾನೇ ಇಲ್ಲ. ಅವ್ರು ಸಂಜೆ ಬರ್ತಾರೆ.”

ಅವಳ ಕೆಲಸ ಮನೆಗಳ ನಕ್ಷೆ ಬರೆಯುವುದು. ಕಟ್ಟುವ ಮೊದಲೇ ಮನೆಯನ್ನು ಕಂಪ್ಯೂಟರಿನಲ್ಲಿ ನಿಲ್ಲಿಸಿ, ಸುತ್ತ ತಿರುಗಿಸಿ, ಒಳಗೆ ಓಡಾಡಿಸಿ ತೋರಿಸುತ್ತಾಳೆ. ಅಲ್ಲಿಯವರೆಗೆ ಬೇರೆಯವರ ಕೈಕೆಳಗೆ ದುಡಿದವಳು ಸ್ವಂತವಾಗಿ ಹಿಡಿದ ಮೊದಲ ಕೆಲಸ ಇದು. ಶಿವಮೊಗ್ಗದಲ್ಲಿ ಗ್ಯಾರೇಜ್ ಇಟ್ಟಿರುವವರೊಬ್ಬರು ವಿದ್ಯಾನಗರದಲ್ಲಿ ಸೈಟು ಕೊಂಡಿದ್ದರು. ಇನ್ನೊಬ್ಬ ಎಂಜಿನಿಯರ್ ಕೊಟ್ಟ ಪ್ಲ್ಯಾನ್ ಆಗಲೇ ಅವರ ಕೈಯಲ್ಲಿತ್ತು. ಆದರೂ ಇವಳಿಗೊಂದು ಅವಕಾಶ ಕೊಟ್ಟಿದ್ದರು. ಷರತ್ತು ಸರಳ: “ಕಾಗದದ ಗೆರೆ ನಮ್ಮ ಅಮ್ಮಿಗೆ ಅರ್ಥ ಆಗಲ್ಲ ಮೇಡಂ. ಮನೆ ಒಳಗೆ ಓಡಾಡಿಸಿ ತೋರ್ಸಿ. ಅಮ್ಮಿ ಹೂಂ ಅಂದ್ರೆ ಕೆಲಸ ನಿಮ್ದು.” ಭದ್ರಾವತಿಯ ನೆಂಟರ ಮನೆಗೆ ಬಂದವರು ಆ ಸಂಜೆ ತಾಯಿಯನ್ನು ಕರೆದುಕೊಂಡು ಅಕ್ಕನ ಮನೆಗೆ ಬರುವವರಿದ್ದರು.

ನಾನು ಪತ್ರಿಕೆಯ ಡೆಸ್ಕಿನಲ್ಲಿ ಸುದ್ದಿ ತಿದ್ದುವವನು. ಆಫೀಸಿನಲ್ಲಿ ಯಾರ ಕಂಪ್ಯೂಟರ್ ಕೆಟ್ಟರೂ ನನ್ನನ್ನೇ ಕರೆಯುತ್ತಾರೆ. ಪರದೆಯ ಮೇಲೆ ಬಂದ ಸಂದೇಶವನ್ನು ಪೂರ್ತಿ ಓದಿದ ಮೇಲೆಯೇ ಗುಂಡಿ ಒತ್ತುತ್ತೇನೆ ಎಂಬುದಷ್ಟೇ ನನ್ನ ಅರ್ಹತೆ. ಡ್ರೈವರನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಬಸ್ಸು ಹತ್ತಿದೆ.

ಅಕ್ಕನ ಮನೆಯಲ್ಲಿ ಲ್ಯಾಪ್‌ಟಾಪು ಮಂಚದ ಮೇಲೆ, ಮಡಿಸಿದ ಹೊದಿಕೆಯ ಮೇಲೆ ಕೂತಿತ್ತು. ಅದರ ಚಾರ್ಜರ್ ವೈರಿಗೆ ಕೆಂಪು ಬಟ್ಟೆಯ ಚೂರೊಂದನ್ನು ಗಂಟು ಹಾಕಲಾಗಿತ್ತು. ಮಗಳ ಮೊದಲ ಕೆಲಸವಲ್ಲವೇ, ಅಕ್ಕ ಯಾವುದೋ ದೇವಸ್ಥಾನದಿಂದ ತಂದು ಕಟ್ಟಿರಬೇಕು ಎಂದುಕೊಂಡೆ. ಮನೆ ತೋರಿಸುವ ಪ್ರೋಗ್ರಾಂ ತೆರೆಯುತ್ತಿತ್ತು, ಆದರೆ ಮನೆಯನ್ನು ಒಂದಿಷ್ಟು ಸರಿಸಿದರೆ ಪರದೆ ಹಾಗೇ ಗಟ್ಟಿಯಾಗಿ ನಿಂತುಬಿಡುತ್ತಿತ್ತು.

ಡ್ರೈವರ್ ಎಂದರೆ ಪ್ರೋಗ್ರಾಮಿಗೂ ಒಳಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೂ ನಡುವೆ ಮಾತು ದಾಟಿಸುವ ದುಭಾಷಿ. ಹೊಸ ದುಭಾಷಿಯನ್ನು ಕೂರಿಸಲು ಹೋದರೆ ಅರ್ಧದಲ್ಲೇ ನಿಂತಿತು. ತನಗೆ ಬೇಕಾದ ಕಾರ್ಡ್ ಈ ಯಂತ್ರದಲ್ಲಿ ಕಾಣುತ್ತಿಲ್ಲ ಎಂದು ಬರೆದು ತೋರಿಸಿತು.

“ಕಾಣಲ್ಲ ಅಂದ್ರೆ? ಸುಟ್ಟೋಯ್ತಾ ಮಾಮ?”

“ಸುಟ್ಟಿದ್ರೆ ವಾಸನೆ ಬರ್ತಿತ್ತಲ್ಲೇ ಮಾರಾಯ್ತಿ,” ಅಡುಗೆಮನೆಯಿಂದ ಅಕ್ಕ ಕೂಗಿದಳು. “ಈ ಮನೇಲಿ ಇವತ್ತು ಸುಟ್ಟಿರೋದು ನನ್ನ ಒಗ್ಗರಣೆ ಒಂದೇ.”

ಲ್ಯಾಪ್‌ಟಾಪ್ ತಯಾರಿಸಿದವರ ಜಾಲತಾಣದಿಂದಲೇ ಇನ್ನೊಂದು ಡ್ರೈವರ್ ಇಳಿಸಿ ನೋಡಿದೆ. ಅದೇ ಉತ್ತರ. ಲ್ಯಾಪ್‌ಟಾಪನ್ನು ಆಫ್ ಮಾಡಿ ಮತ್ತೆ ಹಚ್ಚಿದರೂ ಅದೇ. ಆಗ ಯಂತ್ರದೊಳಗಿನ ಭಾಗಗಳನ್ನು ತೋರಿಸುವ ಪುಟ ತೆರೆದೆ. ಕಾರ್ಡ್ ಅಲ್ಲೇ ಇತ್ತು. ಅದರ ಚಿತ್ರದ ಮೇಲೆ ಕೆಳಮುಖದ ಸಣ್ಣ ಬಾಣ. ಕೆಟ್ಟಿದ್ದಲ್ಲ, ಯಾರೋ ಬೇಕೆಂದೇ ಆಫ್ ಮಾಡಿದ್ದು.

ಯಾರು ಎಂಬ ಪ್ರಶ್ನೆ ಬಂದ ಮೇಲೆ ನನಗೆ ಸಲೀಸು. ಒಬ್ಬೊಬ್ಬರನ್ನೇ ಕೇಳಿದೆ. ಅಕ್ಕನ ಮಗಳು ಹಿಂದಿನ ದಿನ ಮಧ್ಯಾಹ್ನ ಮನೆಯ ನೆರಳು ಬೆಳಕಿನ ಚಿತ್ರ ತಯಾರಾಗಲು ಬಿಟ್ಟು ಗೆಳತಿಯ ಮನೆಗೆ ಹೋಗಿದ್ದಳು. ಬರುವಷ್ಟರಲ್ಲಿ ಕೆಲಸ ನಿಂತಿತ್ತು. ಅಕ್ಕ ಸೌಟು ಹಿಡಿದೇ ಬಂದು ಹೇಳಿಕೆ ಕೊಟ್ಟಳು: “ನಾನು ಅದ್ರ ಧೂಳೂ ಒರ್ಸಿಲ್ಲ ಕಣೋ. ಇವ್ಳೇ ದೇವ್ರ ಬಟ್ಟೆ ಕಟ್ಕೊಂಡಿದಾಳೆ, ಮೈಲಿಗೆ ಆಗುತ್ತೇಂತ ದೂರಾನೇ ಇದ್ದೆ.”

“ನಾನಾ? ನೀನು ಕಟ್ಟಿದ್ದು ಅಂತ ಬೆಳಿಗ್ಗೆ ಕಣ್ಣಿಗೆ ಒತ್ಕೊಂಡು ಕೆಲಸಕ್ಕೆ ಕೂತೆ ಅಮ್ಮ!”

ಮೂವರೂ ಆ ಬಟ್ಟೆಯನ್ನು ನೋಡುತ್ತಿದ್ದಾಗ ಭಾವ ಸಂತೆಯಿಂದ ಚೀಲ ಹೊತ್ತು ಒಳಗೆ ಬಂದರು. ಅವರು ಕಬ್ಬಿಣದ ಕಾರ್ಖಾನೆಯ ರಿಪೇರಿ ವಿಭಾಗದಲ್ಲಿದ್ದು ನಿವೃತ್ತರಾದವರು. ನಮ್ಮ ಮುಖ ನೋಡಿ, ಬಟ್ಟೆ ನೋಡಿ, ಸೊಪ್ಪಿನ ಕಟ್ಟು ಕೆಳಗಿಟ್ಟರು.

“ಯಾರೂ ಬಿಚ್ಚಿಲ್ಲ ತಾನೆ?”

“ರೀ, ನೀವಾ ಕಟ್ಟಿದ್ದು?”

“ಮತ್ತೆ? ನಿನ್ನೆ ಒಳಗಿನ ಫ್ಯಾನು ಹೆಂಗೆ ಕೂಗ್ತಿತ್ತು ಗೊತ್ತಾ? ಕೈ ಇಟ್ರೆ ಚುರ್ ಅಂತು. ಮಷಿನ್ ಬಿಸಿ ಆದ್ರೆ ಮೊದ್ಲು ಲೈನ್ ಕಟ್ ಮಾಡ್ಬೇಕು, ಕೆಂಪು ಕಟ್ಬೇಕು. ಕಟ್ಟಿದವ್ನೇ ಬಂದು ಬಿಚ್ಚೋವರ್ಗೂ ಯಾರೂ ಮುಟ್ಟಂಗಿಲ್ಲ.”

“ಭಾವ, ಈ ಕಾರ್ಡ್ ಆಫ್ ಮಾಡೋದು ಎಲ್ಲಿ ಕಲಿತ್ರಿ?”

“ಇವ್ಳು ಮಾಡೋದು ನೋಡಿಲ್ವಾ? ರೈಟ್ ಕ್ಲಿಕ್ ಮಾಡಿದ್ರೆ ಎಲ್ಲಾ ಸಿಗುತ್ತಪ್ಪ. ಬಿಸಿ ಆಗ್ತಿರೋದು ಯಾವ್ದು ಅಂತ ಅದೇ ತೋರಿಸ್ತಿತ್ತು. ಅದನ್ನೊಂದೇ ನಿಲ್ಸಿದೆ.”

“ಒಂದು ಮಾತು ಹೇಳ್ಬಾರ್ದಾ ಅಪ್ಪ!”

“ಕೆಂಪು ಕಟ್ಟಿದೀನಲ್ಲ ಮಗ. ಅದಕ್ಕಿಂತ ಜೋರಾಗಿ ಇನ್ನೇನು ಹೇಳ್ಲಿ?”

ಕಾರ್ಖಾನೆಯಲ್ಲಿ ಸ್ವಿಚ್ಚಿಗೆ ಕೆಂಪು ಕಟ್ಟಿದೆ ಎಂದರೆ ಯಂತ್ರದೊಳಗೆ ಯಾರದೋ ಕೈ ಇದೆ ಎಂದು ಅರ್ಥ. ತಮ್ಮ ಇಡೀ ಸರ್ವಿಸಿನಲ್ಲಿ ಅದನ್ನು ಮೀರಿದವರನ್ನು ಭಾವ ಕಂಡಿರಲಿಲ್ಲ. ಮನೆಯಲ್ಲೂ ಯಾರೂ ಬಿಚ್ಚಿರಲಿಲ್ಲ, ದೇವರ ಬಟ್ಟೆ ಎಂದುಕೊಂಡು. ತೊಂದರೆಯಾಗಿದ್ದೇ ಅದರಿಂದ.

ಮೊದಲು ನಕ್ಕವಳು ಅಕ್ಕನ ಮಗಳು. ನಕ್ಕು ನಕ್ಕು ಮಂಚದ ಮೇಲೆ ಉರುಳಿದಳು. “ನಾನು ಅದಕ್ಕೆ ಊದುಬತ್ತಿ ಹಚ್ಲಿಲ್ಲ, ಅದೊಂದು ಪುಣ್ಯ,” ಎಂದು ಅಕ್ಕ ಸೌಟಿನಿಂದಲೇ ಗಂಡನನ್ನು ತಿವಿದಳು.

ನಾನು ಮೌಸಿಗೆ ಕೈ ಹಾಕಿದರೆ ಹುಡುಗಿ ತಡೆದಳು. “ಬೇಡ ಮಾಮ. ಕಟ್ಟಿದವ್ರೇ ಬಿಚ್ಚಲಿ.”

ಭಾವ ಅವಸರ ಮಾಡಲಿಲ್ಲ. ಕೈ ಒರೆಸಿಕೊಂಡು, ಲ್ಯಾಪ್‌ಟಾಪನ್ನು ಎತ್ತಿ ಅಡಿಭಾಗ ನೋಡಿದರು. ಗಾಳಿ ಹೋಗುವ ಕಿಂಡಿಗಳನ್ನು ಹೊದಿಕೆ ಮುಚ್ಚಿಬಿಟ್ಟಿತ್ತು. ಊಟದ ಮಣೆ ತರಿಸಿ, ಕಿಂಡಿಗಳಿಗೆ ಗಾಳಿಯಾಡುವಂತೆ ಅದರ ಅಂಚಿಗೆ ಯಂತ್ರವನ್ನು ಕೂರಿಸಿದರು. ಆಮೇಲೆ ಗಂಟು ಬಿಚ್ಚಿದರು, ಬಟ್ಟೆಯನ್ನು ಜೇಬಿಗೆ ಸೇರಿಸಿದರು, ಕಾರ್ಡನ್ನು ಮತ್ತೆ ಆನ್ ಮಾಡಿದರು. ಪರದೆ ಕಪ್ಪಾಯಿತು. ಅಕ್ಕ ನನ್ನ ತೋಳು ಹಿಡಿದಳು. ಬೆಳಕು ಮರಳಿತು.

ಡ್ರೈವರ್ ಈ ಸಲ ತಕರಾರಿಲ್ಲದೆ ಕೂತಿತು. ಲ್ಯಾಪ್‌ಟಾಪನ್ನು ಆಫ್ ಮಾಡಿ ಹಚ್ಚಿ, ಅಕ್ಕನ ಮಗಳು ಮೌಸ್ ಎಳೆದಳು. ವಿದ್ಯಾನಗರದ ಮನೆ ಬುಗುರಿಯಂತೆ ತಿರುಗಿತು. ಅವಳು ಅದನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಸುಮ್ಮನೆ ತಿರುಗಿಸುತ್ತಲೇ ಇದ್ದಳು. ಸಾಕು ಎಂದು ಯಾರೂ ಹೇಳಲಿಲ್ಲ.

ಗ್ಯಾರೇಜಿನವರು ತಾಯಿಯನ್ನು ಕೈಹಿಡಿದು ಕರೆತಂದರು. ಆಕೆ ಕನ್ನಡಕ ಸರಿಮಾಡಿಕೊಂಡು ಪರದೆಗೆ ತೀರಾ ಹತ್ತಿರ ಕೂತರು. ಅಕ್ಕನ ಮಗಳು ಮೌಸ್ ಹಿಡಿದಳು. ಗೇಟು ತೆರೆದಳು, ಮೂರು ಮೆಟ್ಟಿಲು ಹತ್ತಿಸಿದಳು, ಬಾಗಿಲು ದಾಟಿಸಿ ಹಾಲಿಗೆ ಕರೆದೊಯ್ದಳು.

“ನಿಲ್ಸು ಬೇಟಿ, ನಿಲ್ಸು!”

ಅವಳು ಮೌಸಿನಿಂದ ಕೈ ತೆಗೆದಳು.

“ಚಪ್ಪಲಿ ಎಲ್ಲಿ ಬಿಡೋದು?”

“ಅಮ್ಮಿ, ಇದು ಚಿತ್ರ,” ಎಂದರು ಮಗ.

“ಚಿತ್ರ ಆದ್ರೇನೋ? ಹೊಸ ಮನೆಗೆ ಚಪ್ಪಲಿ ಹಾಕ್ಕೊಂಡೇ ನುಗ್ಬಿಟ್ವಲ್ಲ!”

ಅಕ್ಕನ ಮಗಳು ಎಲ್ಲರನ್ನೂ ಬಾಗಿಲಿನಿಂದ ಹೊರಗೆ ಕರೆತಂದಳು. ಮೆಟ್ಟಿಲ ಪಕ್ಕದ ಗೋಡೆಯನ್ನು ಒಳಕ್ಕೆ ತಳ್ಳಿ ಗೂಡು ಮಾಡಿದಳು, ಪಕ್ಕದಲ್ಲಿ ಕೂತು ಚಪ್ಪಲಿ ಬಿಚ್ಚಲು ಒಂದು ಕಟ್ಟೆ ಎಬ್ಬಿಸಿದಳು. ಕಣ್ಣೆದುರೇ ಗೋಡೆ ಸರಿದು ಕಟ್ಟೆ ಎದ್ದಿದ್ದನ್ನು ನೋಡಿ ಆಕೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ತಮ್ಮ ಮೊಣಕಾಲು ತಟ್ಟಿಕೊಂಡರು.

“ಹಾಂ, ಇದಕ್ಕೆ ಬೇಕಾಗಿದ್ದು ಇದೇ. ಈಗ ನಡಿ ಒಳಗೆ.”

ಅಡುಗೆಮನೆ ತಲುಪುವಷ್ಟರಲ್ಲಿ ಇಬ್ಬರಿಗೂ ಬೇರೆ ಯಾರೂ ಬೇಕಿರಲಿಲ್ಲ. ಕಿಟಕಿ ದೊಡ್ಡದಾಯಿತು, ಸಿಂಕು ಜಾಗ ಬದಲಿಸಿತು, ಬೆಳಗಿನ ಬಿಸಿಲು ಒಲೆಯ ಮೇಲೆ ಬಿದ್ದಿತು. ಆಕೆ ಪರದೆಯಿಂದ ಕಣ್ಣು ತೆಗೆಯದೆಯೇ ಮಗನಿಗೆ ಹೇಳಿದರು: “ಆ ಇನ್ನೊಬ್ರ ಕಾಗದ ವಾಪಸ್ ಕೊಟ್ಬಿಡು.”

ಅಕ್ಕನ ಮಗಳು ನನ್ನತ್ತ ತಿರುಗಿ ನೋಡಿದಳು. ಕೇಳಿಸಿತು ಎಂದು ತಲೆಯಾಡಿಸಿದೆ.

“ಅಮ್ಮಿ, ಮೇಲಿನ ಮಹಡಿ ಇನ್ನೂ ನೋಡಿಲ್ಲ,” ಎಂದರು ಮಗ.

ಆಕೆ ಕನ್ನಡಕ ತೆಗೆದು ಗೋಡೆಗೆ ಒರಗಿದರು. “ಸ್ವಲ್ಪ ತಡಿಯೋ ಮಾರಾಯ. ಟೀ ಕುಡಿದು ಹತ್ತೋಣ, ಅಷ್ಟೊಂದು ಮೆಟ್ಲಿದೆ.”